ಕರಿಬೇವಿಗೆ ಹತ್ತಿದ ಇರುವೆ: ಅಡ್ಡ ಕಟ್ಟೋದಾ, ಆಮಿಷ ಇಡೋದಾ, ಹೇನು ತೊಳೆಯೋದಾ?

ಶಿವರಾತ್ರಿ ಕಳೆದ ವಾರ ನಮ್ಮ ತಾರಸಿಯ ಕರಿಬೇವಿಗೆ ಹೊಸ ಚಿಗುರು ಬಂತು. ಅದರ ಬೆನ್ನಿಗೇ ಇರುವೆ ಸಾಲೂ ಬಂತು. ಗಿರಿನಗರದ ಮನೆ ನಮ್ಮದು. ಹಳೆ ಪೇಂಟ್ ಡಬ್ಬದಲ್ಲಿ ಬೆಳೆದ ಎದೆಮಟ್ಟದ ಗಿಡ ಅದು. ಡಬ್ಬದ ಅಂಚಿನಿಂದ ತುದಿಯ ಎಲೆವರೆಗೆ ಕರಿದಾರ ಎಳೆದ ಹಾಗೆ ಇರುವೆಗಳು ಹತ್ತುತ್ತಿದ್ದವು, ಇಳಿಯುತ್ತಿದ್ದವು. ಇಳಿಯುವ ಇರುವೆಗಳ ಹೊಟ್ಟೆ ಬಿಸಿಲಿಗೆ ಹೊಳೆಯುತ್ತಿತ್ತು. ಕುಡಿದು ತುಂಬಿಕೊಂಡು ಬರುತ್ತಿದ್ದವು.

ಮೊದಲೆಲ್ಲ ನಾನು ಪುಡಿ ಉದುರಿಸಿ ಇರುವೆ ಸಾಯಿಸುತ್ತಿದ್ದೆ. ಹದಿನೈದು ದಿನಕ್ಕೆ ಮತ್ತೆ ಸಾಲು ಶುರುವಾಗುತ್ತಿತ್ತು. ಈಗ ಬೇರೆ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ಗಿಡದಲ್ಲಿ ಸಿಹಿ ಎಲ್ಲಿದೆ? ಅದು ಯಾರ ಬಾಯಿಗೆ ಹೋಗಬೇಕಿತ್ತು, ಯಾರ ಬಾಯಿಗೆ ಹೋಗುತ್ತಿದೆ? ಇಷ್ಟು ಗೊತ್ತಾದರೆ ಯಾವ ಉಪಾಯ ಹಿಡಿಯಬೇಕು ಅನ್ನೋದು ಅರ್ಧ ತೀರ್ಮಾನ ಆದ ಹಾಗೆ. ತಾರಸಿ, ಬಾಲ್ಕನಿ, ಮನೆ ಮುಂದಿನ ಎರಡಡಿ ಮಣ್ಣು, ಇಷ್ಟರಲ್ಲೇ ತೋಟ ಮಾಡುವ ಬೆಂಗಳೂರಿನವರಿಗೆ ಯಾವುದು ಎಲ್ಲಿ ಹೊಂದುತ್ತದೆ ಅಂತ ಹೇಳಲು ಇದನ್ನು ಬರೆಯುತ್ತಿದ್ದೇನೆ.

ಒಂದು ಹನಿ ಸಿಹಿಗೆ ಎಷ್ಟು ಬಾಯಿ

ಗಿಡದಲ್ಲಿ ಸಿಹಿ ಮೂರು ಕಡೆ ಸಿಗುತ್ತದೆ. ಹೂವಿನೊಳಗಿನ ಮಕರಂದ ನಮಗೆಲ್ಲ ಗೊತ್ತು. ಹೂವಿನ ಹೊರಗೂ ಮಕರಂದ ಇರುತ್ತದೆ. ಕೆಲವು ಗಿಡಗಳ ಎಲೆ ತೊಟ್ಟಿನಲ್ಲೋ ಹೂ ಕಾಂಡದಲ್ಲೋ ಸಣ್ಣ ಗುಬುಟುಗಳಿದ್ದು, ಅಲ್ಲಿಂದ ಸಿಹಿ ಜಿನುಗುತ್ತದೆ. ಅಲಸಂದೆ, ಹರಳು, ಹೀರೇಕಾಯಿ, ಪ್ಯಾಶನ್ ಫ್ರೂಟ್ ಬಳ್ಳಿಯಲ್ಲಿ ಇದನ್ನು ನೋಡಬಹುದು.

ಮೂರನೆಯದು ರಸ ಹೀರುವ ಕೀಟಗಳು ಹೊರಹಾಕುವ ಸಿಹಿ ಅಂಟು. ಹೇನು, ಹಿಟ್ಟು ತಿಗಣೆ, ಶಲ್ಕ ಕೀಟ, ಬಿಳಿ ನೊಣ, ಕರಿಬೇವಿನ ಸಿಲ್ಲಿಡ್, ಎಲ್ಲವೂ ಇದನ್ನು ಮಾಡುತ್ತವೆ. ಗಿಡದ ರಸದಲ್ಲಿ ಸಕ್ಕರೆ ಜಾಸ್ತಿ, ಮೈ ಬೆಳೆಯಲು ಬೇಕಾದ ಸಾರಜನಕ ಕಡಿಮೆ. ಹಾಗಾಗಿ ಅವು ಸಾರಜನಕಕ್ಕೋಸ್ಕರ ಸಿಕ್ಕಾಪಟ್ಟೆ ರಸ ಹೀರುತ್ತವೆ, ಮಿಕ್ಕ ಸಕ್ಕರೆ ನೀರನ್ನು ಹಿಂದಿನಿಂದ ಬಿಡುತ್ತವೆ. ದಾಸವಾಳದ ಕೆಳಗಿನ ಎಲೆ ಮುಟ್ಟಿದರೆ ಬೆರಳು ಅಂಟುತ್ತದಲ್ಲ, ಅದೇ ಇದು. ಆ ಅಂಟಿನ ಮೇಲೆ ಆಮೇಲೆ ಮಸಿ ಬಳಿದ ಹಾಗೆ ಕಪ್ಪು ಬೂಷ್ಟು ಬೆಳೆಯುತ್ತದೆ.

ಈ ಸಿಹಿಯನ್ನು ನಂಬಿಕೊಂಡವರು ಇರುವೆಗಳು ಮಾತ್ರ ಅಲ್ಲ. ನಮ್ಮ ಗಿಡ ಕಾಯುವ ಮಿತ್ರ ಕೀಟಗಳಲ್ಲಿ ಎಷ್ಟೋ ಜನ ಮರಿಯಾಗಿದ್ದಾಗ ಮಾಂಸಾಹಾರಿಗಳು, ದೊಡ್ಡವರಾದ ಮೇಲೆ ಸಿಹಿ ಕುಡಿಯುವವರು. ಸಿರ್ಫಿಡ್ ನೊಣದ ಒಂದು ಮರಿ ಬೆಳೆಯುವಷ್ಟರಲ್ಲಿ ನೂರಾರು ಹೇನು ತಿನ್ನುತ್ತದೆ. ಅದೇ ನೊಣವಾಗಿ ಹಾರಿದ ಮೇಲೆ ಮಕರಂದ ಮತ್ತು ಪರಾಗವೇ ಅದರ ಊಟ. ಹೇನು ಸಿಂಹ ಅಂತ ನಾವು ಕರೆಯುವ ಹಸಿರು ಜಾಲರೆಕ್ಕೆ ಕೀಟವೂ ಬಹಳಷ್ಟು ಹೀಗೆಯೇ. ಇನ್ನು ಪರಾವಲಂಬಿ ಕಣಜಗಳು. ಹೇನಿನ ಹೊಟ್ಟೆಯೊಳಗೆ, ಹಿಟ್ಟು ತಿಗಣೆಯ ಮೈಯೊಳಗೆ ಮೊಟ್ಟೆ ಇಟ್ಟು ಅವನ್ನು ಒಳಗಿನಿಂದಲೇ ಮುಗಿಸುವ, ಸಾಸಿವೆಗಿಂತ ಚಿಕ್ಕ ಜೀವಗಳು. ಸಿಹಿ ಸಿಗದಿದ್ದರೆ ಇವುಗಳಲ್ಲಿ ಬಹಳಷ್ಟು ಎರಡು ಮೂರು ದಿನದಲ್ಲೇ ಸಾಯುತ್ತವೆ. ಸಿಹಿ ಸಿಕ್ಕರೆ ವಾರಗಟ್ಟಲೆ ಬದುಕುತ್ತವೆ. ಎರಡು ದಿನ ಬದುಕಿದ ಕಣಜಕ್ಕೂ ಎರಡು ವಾರ ಬದುಕಿದ ಕಣಜಕ್ಕೂ ಇಡುವ ಮೊಟ್ಟೆಯಲ್ಲಿ ಎಷ್ಟು ಅಂತರ ಇರಬಹುದು, ಯೋಚಿಸಿ. ಒಂದು ಹನಿ ಮಕರಂದದಲ್ಲಿ ಅಷ್ಟು ಅಡಗಿದೆ.

ಆದರೆ ಕಣಜ ಒಂಟಿ. ಇರುವೆಗೆ ಸಂಸಾರ ದೊಡ್ಡದು. ಒಂದು ಇರುವೆ ಸಿಹಿ ಕಂಡು ಗೂಡಿಗೆ ಮರಳುವಾಗ ದಾರಿಯುದ್ದಕ್ಕೂ ವಾಸನೆ ಬಿಟ್ಟು ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಹತ್ತಾರು, ಆಮೇಲೆ ನೂರಾರು ಬರುತ್ತವೆ. ಬಂದವು ಕುಡಿದು ಸುಮ್ನೆ ಹೋಗುವುದಿಲ್ಲ. ಆ ಜಾಗವನ್ನು ತಮ್ಮದು ಮಾಡಿಕೊಂಡು ಕಾಯುತ್ತವೆ. ಹೂವಿನ ಮೇಲೆ ಇರುವೆ ಕಂಡರೆ ಜೇನ್ನೊಣವೂ ಎಷ್ಟೋ ಸಲ ಇಳಿಯದೆ ಪಕ್ಕದ ಹೂವಿಗೆ ಹೋಗುತ್ತದೆ.

ಇದನ್ನು ಲೆನ್ಸ್ ಹಿಡಿದು ನೋಡಿದ್ದು ಅದೇ ಕರಿಬೇವಿನಲ್ಲಿ. ಎಳೆ ಚಿಗುರಿನ ಸಂದಿಯಲ್ಲಿ ಕಿತ್ತಳೆ ಬಣ್ಣದ ಚಪ್ಪಟೆ ಸಿಲ್ಲಿಡ್ ಮರಿಗಳು ಒತ್ತಿಕೊಂಡು ಕೂತಿದ್ದವು. ಒಂದೊಂದರ ಹಿಂದೆ ಬಿಳಿ ದಾರದ ಸುರುಳಿ. ಮೇಣದ ಕೊಳವೆಯೊಳಗೆ ತುಂಬಿ ಬಿಟ್ಟ ಸಿಹಿ ಅದು. ಒಂದು ಇರುವೆ ಬಂದು ಮೀಸೆಯಿಂದ ಮರಿಯ ಬೆನ್ನನ್ನು ಪಟಪಟ ತಟ್ಟಿತು. ಸುರುಳಿ ಸ್ವಲ್ಪ ಉದ್ದವಾಯಿತು. ಇರುವೆ ಅದನ್ನು ಕಚ್ಚಿಕೊಂಡು ತಿರುಗಿತು. ಅಷ್ಟರಲ್ಲಿ ಎಲೆಯ ಅಂಚಿನಲ್ಲಿ ಒಂದು ಮಿಲಿಮೀಟರಿನಷ್ಟು ಉದ್ದದ ಕಣಜ ಇಳಿಯಿತು. ಎರಡು ಹೆಜ್ಜೆ ಇಟ್ಟಿತು. ಇರುವೆ ಅದರ ಕಡೆ ನುಗ್ಗಿತು, ಕಣಜ ಹಾರಿತು. ಮತ್ತೆ ಇನ್ನೊಂದು ಎಲೆಗೆ ಬಂತು, ಅಲ್ಲೂ ಇರುವೆ. ನಾಲ್ಕನೇ ಸಲ ಹಾರಿದ್ದು ತಿರುಗಿ ಬರಲಿಲ್ಲ. ಅದು ನಮ್ಮ ಗಿಡಕ್ಕೆ ಕೂಲಿಯಿಲ್ಲದೆ ಕೆಲಸ ಮಾಡಲು ಬಂದಿತ್ತು. ಕಾಲಿಡಲು ಜಾಗ ಸಿಗಲಿಲ್ಲ. ನನಗೆ ನಿಜವಾಗಿ ಸಂಕಟ ಆಯಿತು.

ಇದೇ ಕತೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲೂ ನಡೆದಿದೆ. ಕರಿಬೇವಿಗೆ ಬರುವ ಈ ಸಿಲ್ಲಿಡ್ ಕಿತ್ತಳೆ, ನಿಂಬೆ ಗಿಡಗಳ ಶತ್ರುವೂ ಹೌದು. ಹಸಿರುಗಟ್ಟುವ ರೋಗವನ್ನು ಗಿಡದಿಂದ ಗಿಡಕ್ಕೆ ಹೊರುವುದು ಇದೇ. ಅದು ಅಲ್ಲಿಗೆ ಹೋಗಿ ಸೇರಿದಾಗ, ಅದನ್ನು ಹಿಡಿಯುವ ಟಮಾರಿಕ್ಸಿಯ ಅನ್ನುವ ಪುಟ್ಟ ಕಣಜವನ್ನು ಪಾಕಿಸ್ತಾನದ ಪಂಜಾಬಿನಿಂದ ತರಿಸಿ 2011ರಲ್ಲಿ ಬಿಟ್ಟರು. ಆದರೆ ಅಲ್ಲಿನ ತೋಟಗಳಲ್ಲಿ ಅರ್ಜೆಂಟೀನಾ ಇರುವೆ ಕಾವಲು ಕೂತಿತ್ತು. ಇರುವೆ ಹತ್ತದ ಹಾಗೆ ಮಾಡಿದ ಗಿಡಗಳಲ್ಲಿ ಕಣಜದ ಕೆಲಸ ಚೆನ್ನಾಗಿ ನಡೆಯಿತು, ಇರುವೆ ಇದ್ದಲ್ಲಿ ಕುಂಟಿತು. ನಮ್ಮಲ್ಲಿ ಅರ್ಜೆಂಟೀನಾ ಇರುವೆಯ ಕಾಟ ಇಲ್ಲ. ಅದರ ಕೆಲಸ ಮಾಡಲು ಇಲ್ಲಿನ ಇರುವೆಗಳೇ ಸಾಕು.

ಉಪಾಯಕ್ಕೆ ಮುಂಚೆ ಹತ್ತು ನಿಮಿಷ

ಬೆಳಿಗ್ಗೆ ಬಿಸಿಲು ಏರುವ ಮೊದಲು ಗಿಡದ ಹತ್ತಿರ ನಿಂತು ಸಾಲನ್ನು ಮೇಲಕ್ಕೂ ಕೆಳಕ್ಕೂ ಹಿಂಬಾಲಿಸಿ. ಮೇಲೆ ಎಲ್ಲಿಗೆ ಹೋಗುತ್ತಿವೆ? ಹೇನಿನ ಗುಂಪಿಗಾ, ಹೂವಿಗಾ, ಎಲೆ ತೊಟ್ಟಿನ ಗುಬುಟಿಗಾ? ಕೆಳಗೆ ಎಲ್ಲಿಂದ ಬರುತ್ತಿವೆ? ಗೋಡೆ ಸಂದಿಯಿಂದಲೋ, ಕುಂಡದ ಒಳಗಿನಿಂದಲೋ?

ಈ ಕೊನೆಯ ಪ್ರಶ್ನೆ ಮರೆಯಬೇಡಿ. ಮಣ್ಣು ಬಹಳ ಒಣಗಿದ ಕುಂಡದಲ್ಲಿ ಇರುವೆ ಗೂಡು ಕಟ್ಟಿರುತ್ತದೆ, ಮಾರ್ಚ್ ಏಪ್ರಿಲ್‌ನಲ್ಲಿ ಇದು ಜಾಸ್ತಿ. ಅಂಥ ಕುಂಡದ ಸುತ್ತ ನೀರಿನ ತಟ್ಟೆ ಇಟ್ಟರೆ ಇರುವೆಯನ್ನು ಗಿಡದ ಜೊತೆಗೇ ಕೂಡಿ ಹಾಕಿದ ಹಾಗೆ. ಮೊದಲು ಕುಂಡವನ್ನು ಟಬ್ಬಿನಲ್ಲಿ ಅಂಚಿನವರೆಗೆ ಅರ್ಧ ಗಂಟೆ ಮುಳುಗಿಸಿಡಿ. ಒಂದು ಕೋಲನ್ನು ಕುಂಡದಿಂದ ಹೊರಗಿನ ನೆಲಕ್ಕೆ ಸೇತುವೆಯ ಹಾಗೆ ಒರಗಿಸಿದರೆ, ಮೊಟ್ಟೆ ಮರಿ ಕಚ್ಚಿಕೊಂಡು ಅವೇ ಜಾಗ ಖಾಲಿ ಮಾಡುತ್ತವೆ.

ನೀರಿನ ತಟ್ಟೆ ಮತ್ತು ಅಂಟು ಪಟ್ಟಿ

ಕುಂಡದ ಗಿಡಕ್ಕೆ ನನ್ನ ಮೊದಲ ಆಯ್ಕೆ ಇದೇ. ಅಜ್ಜಿಯರು ಮೈಸೂರುಪಾಕಿನ ಡಬ್ಬವನ್ನು ನೀರಿನ ತಟ್ಟೆಯಲ್ಲಿ ಇಡುತ್ತಿದ್ದರಲ್ಲ, ಅದೇ ಉಪಾಯ. ಅಗಲವಾದ ತಟ್ಟೆ, ನಡುವೆ ಒಂದು ಇಟ್ಟಿಗೆ, ಇಟ್ಟಿಗೆಯ ಮೇಲೆ ಕುಂಡ. ಕುಂಡದ ತಳ ನೀರಿಗೆ ತಾಗಬಾರದು, ಬೇರು ಕೊಳೆಯುತ್ತದೆ. ಇಟ್ಟಿಗೆಯಿಂದ ತಟ್ಟೆಯ ಅಂಚಿಗೆ ಎರಡು ಇಂಚಾದರೂ ನೀರು ಇರಲಿ. ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿದರೆ ಇರುವೆ ನೀರಿನ ಮೇಲೆ ನಡೆದು ದಾಟಲು ಆಗುವುದಿಲ್ಲ.

ಇದರಲ್ಲಿ ಒಂದೇ ಅಪಾಯ, ಸೊಳ್ಳೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ನಿಂತ ನೀರಿನಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ವಾರಕ್ಕೆ ಎರಡು ಸಲ ನೀರು ಚೆಲ್ಲಿ, ತಟ್ಟೆಯ ಬದಿ ಉಜ್ಜಿ ತೊಳೆದು ಹೊಸ ನೀರು ಹಾಕಲೇಬೇಕು. ಅದು ಆಗದ ಮನೆಯಲ್ಲಿ ಈ ಉಪಾಯ ಬೇಡ. ಊರಿಗೆ ಹೋಗುವ ಮೊದಲು ತಟ್ಟೆ ಒಣಗಿಸಿ ಕವುಚಿಡಿ.

ನೆಲದಲ್ಲಿ ನಿಂತ ನಿಂಬೆ, ದಾಸವಾಳ, ಸೀಬೆ ಗಿಡಕ್ಕೆ ತಟ್ಟೆ ಇಡಲು ಆಗುವುದಿಲ್ಲ. ಅಲ್ಲಿಗೆ ಅಂಟು ಪಟ್ಟಿ. ಕಾಂಡಕ್ಕೆ ಒಂದು ಪದರ ಹತ್ತಿ ಸುತ್ತಿ, ಮೇಲೆ ಅಗಲದ ಟೇಪು ಬಿಗಿಯಾಗಿ ಸುತ್ತಿ, ಟೇಪಿನ ಮೇಲೆ ಗ್ರೀಸ್ ಅಥವಾ ವ್ಯಾಸಲಿನ್ ದಪ್ಪಗೆ ಹಚ್ಚಬೇಕು. ತೊಗಟೆಗೆ ನೇರವಾಗಿ ಹಚ್ಚಬೇಡಿ, ಗಿಡಕ್ಕೆ ಗಾಯವಾಗುತ್ತದೆ. ಹತ್ತಿ ಯಾಕೆ ಅಂದರೆ, ತೊಗಟೆಯ ಬಿರುಕಿನೊಳಗೆ ಟೇಪಿನ ಕೆಳಗಿನಿಂದಲೇ ನುಸುಳುವ ಇರುವೆಗಳಿವೆ. ನಮ್ಮ ರಸ್ತೆಯ ಧೂಳಿಗೆ ವಾರದೊಳಗೆ ಗ್ರೀಸಿನ ಮೇಲೆ ಮಣ್ಣಿನ ಪದರ ಕೂರುತ್ತದೆ, ಆಮೇಲೆ ಇರುವೆಗಳು ಅದರ ಮೇಲೆ ರಸ್ತೆಯ ಹಾಗೆ ನಡೆಯುತ್ತವೆ. ಕೆರೆದು ಮತ್ತೆ ಹಚ್ಚಬೇಕು. ಜೂನ್‌ನಿಂದ ಮಳೆ ಹಿಡಿದರೆ ಪಟ್ಟಿಯ ಕೆಳಗೆ ತೇವ ನಿಂತು ತೊಗಟೆ ಕೊಳೆಯಬಹುದು. ಹದಿನೈದು ದಿನಕ್ಕೊಮ್ಮೆ ಬಿಚ್ಚಿ ನೋಡಿ, ಜಾಗ ಸ್ವಲ್ಪ ಮೇಲೆ ಕೆಳಗೆ ಮಾಡಿ ಕಟ್ಟಿ.

ತಟ್ಟೆಯಾಗಲಿ ಪಟ್ಟಿಯಾಗಲಿ, ಗೋಡೆಗೆ ತಾಗಿದ ಒಂದೇ ಒಂದು ಎಲೆ ಇದ್ದರೂ ಎಲ್ಲ ವ್ಯರ್ಥ. ಬಟ್ಟೆ ಒಣಹಾಕುವ ತಂತಿ, ಕೇಬಲ್, ಪಕ್ಕದ ಗಿಡದ ಕೊಂಬೆ, ಇರುವೆಗೆ ಎಲ್ಲವೂ ಸೇತುವೆ. ನಾನು ತಟ್ಟೆ ಇಟ್ಟು ಒಂದು ವಾರವಾದರೂ ಸಾಲು ನಿಂತಿರಲಿಲ್ಲ. ಹುಡುಕಿದರೆ, ಒಂದು ಜೇಡದ ಎಳೆಯಿಂದ ಜೋತುಬಿದ್ದಿದ್ದ ಒಣ ಎಲೆ ಗೋಡೆಗೆ ತಾಗಿತ್ತು. ಅಷ್ಟು ಸಾಕಾಗಿತ್ತು ಅವಕ್ಕೆ.

ಸಕ್ಕರೆ ನೀರು: ಕೊಟ್ಟು ದೂರ ಇಡುವುದು

ಇರುವೆಗೆ ಬೇಕಾದ್ದು ಸಿಹಿ ತಾನೇ, ಅದನ್ನು ನೆಲದಲ್ಲೇ ಕೊಟ್ಟರೆ ಗಿಡ ಹತ್ತುವುದಿಲ್ಲ ಅನ್ನೋದು ಈ ಉಪಾಯ. ಕೇಳಲು ವಿಚಿತ್ರ ಅನ್ನಿಸಿದರೂ ಇದರಲ್ಲಿ ಹುರುಳಿದೆ. ದ್ರಾಕ್ಷಿ ತೋಟಗಳಲ್ಲಿ ಹೀಗೆ ಸಕ್ಕರೆ ನೀರಿಟ್ಟು ಇರುವೆಗಳನ್ನು ಹಿಟ್ಟು ತಿಗಣೆಯಿಂದ ಬಿಡಿಸುವ ಪ್ರಯೋಗಗಳು ಬೇರೆ ದೇಶಗಳಲ್ಲಿ ನಡೆದಿವೆ. ಸಿಹಿ ಧಾರಾಳವಾಗಿ ಸಿಕ್ಕಾಗ ಕೆಲವು ಜಾತಿಯ ಇರುವೆಗಳು ಹೇನನ್ನು ಕಾಯುವುದು ಬಿಟ್ಟು, ಪ್ರೋಟೀನಿಗಾಗಿ ಹೇನನ್ನೇ ತಿನ್ನುವುದೂ ಉಂಟು.

ಆದರೆ ನಾನು ಮೊದಲ ಸಲ ಮಾಡಿದ ರೀತಿ ತಪ್ಪಾಗಿತ್ತು, ಅದನ್ನು ಹೇಳಲೇಬೇಕು. ಒಂದು ಬಟ್ಟಲಲ್ಲಿ ಸಕ್ಕರೆ ನೀರು ತೆರೆದಿಟ್ಟು ಕೆಲಸಕ್ಕೆ ಹೋದೆ. ಸಂಜೆ ಬಂದು ನೋಡಿದರೆ ಆರು ತುಡುವೆ ಜೇನುಗಳು ತೇಲುತ್ತಿದ್ದವು. ಒಂದರ ಕಾಲು ಇನ್ನೂ ಆಡುತ್ತಿತ್ತು. ಕಡ್ಡಿಯಿಂದ ಎತ್ತಿ ಒಣಗಿಸಿದೆ, ಉಳಿಯಲಿಲ್ಲ. ಕಾಪಾಡಲು ಹೊರಟವರನ್ನೇ ಕೊಂದ ಹಾಗಾಯಿತು. ಅಂದಿನಿಂದ ತೆರೆದ ಪಾತ್ರೆಯಲ್ಲಿ ಸಿಹಿ ಇಟ್ಟಿಲ್ಲ. ಮುಚ್ಚಳದ ಸಣ್ಣ ಡಬ್ಬ, ಅದರ ಬದಿಯಲ್ಲಿ ಇರುವೆ ಮಾತ್ರ ನುಗ್ಗುವಷ್ಟು ತೂತು, ಒಳಗೆ ಸಕ್ಕರೆ ನೀರಲ್ಲಿ ಅದ್ದಿದ ಹತ್ತಿ. ಜಾಗ ನೆಲಮಟ್ಟದಲ್ಲಿ, ನೆರಳಲ್ಲಿ, ಹೂಗಳಿಂದ ದೂರ, ಇರುವೆ ಸಾಲಿನ ಪಕ್ಕದಲ್ಲಿ. ನೂರು ಮಿಲಿ ನೀರಿಗೆ ಇಪ್ಪತ್ತು ಇಪ್ಪತ್ತೈದು ಗ್ರಾಂ ಸಕ್ಕರೆ. ಎರಡು ಮೂರು ದಿನಕ್ಕೆ ಹುಳಿ ಬರುತ್ತದೆ, ಬದಲಾಯಿಸಬೇಕು.

ಇದನ್ನೇ ನಂಬಿಕೊಂಡು ಇರಿ ಅಂತ ನಾನು ಹೇಳುವುದಿಲ್ಲ. ತಿಂಗಳುಗಟ್ಟಲೆ ಸಕ್ಕರೆ ಕೊಟ್ಟರೆ ಗೂಡು ಬೆಳೆಯಬಹುದು. ಅವರೆ ಬಳ್ಳಿ ಹೂ ಬಿಟ್ಟ ಮೂರು ನಾಲ್ಕು ವಾರ, ಕರಿಬೇವು ಚಿಗುರಿದ ಹದಿನೈದು ದಿನ, ಹೀಗೆ ಕಣಜಗಳಿಗೆ ಸ್ವಲ್ಪ ಸಮಯ ಕೊಡಿಸಲು ಒಳ್ಳೆಯದು.

ಬೋರಿಕ್ ಆಮಿಷ

ಅದೇ ಸಕ್ಕರೆ ನೀರಿಗೆ ಬೋರಿಕ್ ಆಸಿಡ್ ಸೇರಿಸಿದರೆ ಅದು ಆಮಿಷ. ಇಲ್ಲಿ ಕಡಿಮೆ ಹಾಕುವುದರಲ್ಲೇ ಜಾಣತನ ಇದೆ. ನೂರು ಮಿಲಿಗೆ ಅರ್ಧ ಗ್ರಾಂನಿಂದ ಒಂದು ಗ್ರಾಂ, ಅಷ್ಟೇ. ಇರುವೆ ಕುಡಿದದ್ದನ್ನೆಲ್ಲ ತಾನೇ ಅರಗಿಸಿಕೊಳ್ಳುವುದಿಲ್ಲ. ಒಂದು ಚೀಲದಂಥ ಹೊಟ್ಟೆಯಲ್ಲಿ ತುಂಬಿಕೊಂಡು ಹೋಗಿ ಗೂಡಿನವರಿಗೆ ಬಾಯಿಂದ ಬಾಯಿಗೆ ಹಂಚುತ್ತದೆ. ಹೀಗೆ ರಾಣಿಗೂ ಮರಿಗಳಿಗೂ ತಲುಪುತ್ತದೆ. ಪುಡಿ ಜಾಸ್ತಿ ಹಾಕಿದರೆ ಹೊತ್ತೊಯ್ಯುವ ಇರುವೆ ದಾರಿಯಲ್ಲೇ ಸಾಯುತ್ತದೆ, ಇಲ್ಲ ಮೂಸಿ ನೋಡಿ ಬಿಟ್ಟುಹೋಗುತ್ತದೆ. ಬಿಸಿ ನೀರಲ್ಲಿ ಚೆನ್ನಾಗಿ ಕರಗಿಸಿ, ಆರಿಸಿ ಬಳಸಿ. ಫಲ ಕಾಣಲು ಒಂದರಿಂದ ಮೂರು ವಾರ ಬೇಕು. ಮೊದಲ ದಿನ ಸಾಲು ದಪ್ಪವಾಗುತ್ತದೆ, ಗಾಬರಿಯಾಗಬೇಡಿ.

ಇದನ್ನು ಯಾವಾಗ ಆರಿಸಬೇಕು? ಗೂಡು ದೊಡ್ಡದಾಗಿ, ಗೋಡೆಯೊಳಗೆ ಕೈಗೆ ಸಿಗದ ಕಡೆ ಇದ್ದು, ಹತ್ತಾರು ಕುಂಡಗಳಿಗೆ ಹರಡಿದಾಗ. ನಾಲ್ಕು ಕುಂಡದ ಬಾಲ್ಕನಿಗೆ ಇದು ಬೇಡ, ತಟ್ಟೆ ಸಾಕು. ಮಕ್ಕಳು, ನಾಯಿ ಬೆಕ್ಕು ಇರುವ ಮನೆಯಲ್ಲಿ ಡಬ್ಬ ಅವರ ಕೈಗೆ ಬಾಯಿಗೆ ಸಿಗಬಾರದು, ಹೊಟ್ಟೆಗೆ ಹೋದರೆ ವಿಷ. ಕುಂಡದ ಮಣ್ಣಿಗೂ ಚೆಲ್ಲಬೇಡಿ, ಬೋರಾನ್ ಜಾಸ್ತಿಯಾದರೆ ಎಲೆಯ ಅಂಚು ಸುಡುತ್ತದೆ. ಜೇನು ಒಳಗೆ ಹೋಗದ ಮುಚ್ಚಿದ ಡಬ್ಬ ಇಲ್ಲಿ ಇನ್ನೂ ಮುಖ್ಯ. ಮುಜಂಟಿ ಜೇನು ಬಹಳ ಚಿಕ್ಕದು, ಅದರ ಗೂಡು ನಿಮ್ಮ ಕಾಂಪೌಂಡಿನಲ್ಲಿ ಇದ್ದರೆ ಈ ಉಪಾಯದ ಹತ್ತಿರ ಹೋಗಬೇಡಿ.

ಇನ್ನೊಂದು ಮಾತು. ಗಿಡದ ಮೇಲೆ ಸಿಹಿ ಅಂಟು ಧಾರಾಳವಾಗಿ ಸಿಗುತ್ತಿರುವಾಗ ಇರುವೆ ನಿಮ್ಮ ಡಬ್ಬವನ್ನು ತಿರುಗಿಯೂ ನೋಡದೆ ಇರಬಹುದು. ಮೊದಲು ಮೇಲಿನ ದಾರಿ ಕಟ್ಟಿ, ಆಮೇಲೆ ಕೆಳಗೆ ಆಮಿಷ ಇಡಿ. ಎರಡನ್ನೂ ಸೇರಿಸಿ ಮಾಡಿದಾಗಲೇ ನನಗೆ ಕೆಲಸ ಆದದ್ದು.

ಹೇನನ್ನೇ ತೊಳೆಯುವುದು

ಡಿಸೆಂಬರ್, ಜನವರಿಯಲ್ಲಿ ಅವರೆಕಾಯಿ ಕಾಲ. ತಾರಸಿಯ ಅವರೆ ಬಳ್ಳಿಯ ಹೂ ಕಾಂಡಕ್ಕೆ ಕಪ್ಪು ಹೇನು ಗಸಗಸೆ ಮೆತ್ತಿದ ಹಾಗೆ ಹತ್ತುತ್ತದೆ, ಜೊತೆಗೆ ಇರುವೆ. ಇಲ್ಲಿ ಇರುವೆಯ ಜೊತೆ ಜಗಳಕ್ಕಿಂತ ಸಿಹಿಯ ಮೂಲ ಕಡಿಮೆ ಮಾಡುವುದು ಸುಲಭ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ರಭಸವಾಗಿ ನೀರು ಹಾಯಿಸಿದರೆ ಮುಕ್ಕಾಲು ಹೇನು ಉದುರುತ್ತದೆ. ಉದುರಿದ ಹೇನಿಗೆ ಮತ್ತೆ ಹತ್ತಿ ಬರುವುದು ಕಷ್ಟ. ಎರಡು ದಿನಕ್ಕೊಮ್ಮೆ, ಬೆಳಿಗ್ಗೆ, ಮೂರು ಸಲ.

ಸಾಬೂನು ನೀರು, ಬೇವಿನೆಣ್ಣೆ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. ಲೀಟರಿಗೆ ಐದು ಮಿಲಿ ಬೇವಿನೆಣ್ಣೆ, ಅದು ನೀರಿಗೆ ಬೆರೆಯಲು ಸ್ವಲ್ಪ ಸಾಬೂನು ದ್ರಾವಣ, ಸಂಜೆ ಹೊತ್ತು. ಆದರೆ ಸಾಬೂನಿಗೆ ಶತ್ರು ಯಾರು, ಮಿತ್ರ ಯಾರು ಗೊತ್ತಾಗುವುದಿಲ್ಲ. ಗುಲಗಂಜಿ ಹುಳದ ಮರಿ, ಸಿರ್ಫಿಡ್ ಮರಿ ತಾಗಿದರೆ ಅವೂ ಹೋಗುತ್ತವೆ. ಇಡೀ ಗಿಡಕ್ಕೆ ಹೊಡೆಯಬೇಡಿ, ಹೇನಿರುವ ತುದಿಗೆ ಮಾತ್ರ. ಹೊಡೆಯುವ ಮುಂಚೆ ಲೆನ್ಸ್ ಹಿಡಿದು ನೋಡಿ. ಹೇನಿನ ನಡುವೆ ಉಬ್ಬಿ ಗಟ್ಟಿಯಾದ, ಕಂದು ಅಥವಾ ಚಿನ್ನದ ಬಣ್ಣದ ಚಿಪ್ಪಿನಂಥವು ಕಂಡರೆ ಅದು ಕಣಜ ಹೊಕ್ಕ ಹೇನು. ಆ ತುದಿಯನ್ನು ಬಿಟ್ಟುಬಿಡಿ.

ಮಿತ್ರರಿಗೆ ಹೂ ಹಾಕುವುದು

ಕೊತ್ತಂಬರಿ, ಸಬ್ಬಸಿಗೆ, ಸೋಂಪು ಬಲಿತು ಹೂ ಬಿಡಲು ಬಿಡಿ. ಕಿತ್ತು ಸಾರಿಗೆ ಹಾಕಿದ್ದು ಸಾಕು, ನಾಲ್ಕು ಗಿಡ ಉಳಿಯಲಿ. ಕಣಜಗಳ ಬಾಯಿ ಬಹಳ ಚಿಕ್ಕದು, ಆಳದ ಹೂವಿನ ಮಕರಂದ ಅವಕ್ಕೆ ಎಟುಕದು. ಈ ಛತ್ರಿಯಂಥ ಗೊಂಚಲುಗಳಲ್ಲಿ ಮಕರಂದ ಮೇಲೆಯೇ ತೆರೆದಿರುತ್ತದೆ. ಸಾಸಿವೆಯೂ ಒಳ್ಳೆಯದು.

ಆದರೆ ಬಹಳ ಜನ ಎಡವುವುದು ಇಲ್ಲೇ. ಕಣಜಕ್ಕೆ ಸುಲಭವಾಗಿ ಸಿಗುವ ಮಕರಂದ ಇರುವೆಗೂ ಅಷ್ಟೇ ಸುಲಭ. ಇರುವೆ ತುಂಬಿದ ತಾರಸಿಯಲ್ಲಿ ಕೊತ್ತಂಬರಿ ಹೂ ಬಿಡಿಸಿದರೆ ಇರುವೆಗೇ ಇನ್ನೊಂದು ಊಟದ ಮನೆ ತೆರೆದ ಹಾಗಾಗಬಹುದು. ನಮ್ಮ ಮನೆಯಲ್ಲಿ ಒಂದು ವರ್ಷ ಹಾಗೆಯೇ ಆಯಿತು. ಗೊಂಚಲು ಗೊಂಚಲಲ್ಲೂ ಇರುವೆ, ಸಿರ್ಫಿಡ್ ನೊಣ ಮೇಲೆ ಗಾಳಿಯಲ್ಲಿ ನಿಂತು ನೋಡಿ ಹೋಗುತ್ತಿತ್ತು. ಮರುವರ್ಷ ಅದೇ ಕೊತ್ತಂಬರಿ ಕುಂಡವನ್ನು ನೀರಿನ ತಟ್ಟೆಯ ಮೇಲೆ ಇಟ್ಟೆ. ಬೇರೆ ಏನೂ ಮಾಡಲಿಲ್ಲ. ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತ ಎಣಿಸಿದರೆ ಒಂದೇ ಗಿಡದ ಮೇಲೆ ಮೂರು ಸಿರ್ಫಿಡ್, ಎರಡು ಕೋಲುಜೇನು, ಹೆಸರು ಗೊತ್ತಿಲ್ಲದ ಐದಾರು ಪುಟ್ಟ ಕಣಜಗಳು. ಅಷ್ಟು ಸಂತೋಷ ಆಗಿತ್ತು ಅವತ್ತು!

ಹಾಗಾಗಿ ನಿಮ್ಮ ಹತ್ತಿರ ಎರಡೇ ತಟ್ಟೆ ಇದ್ದರೆ ಒಂದನ್ನು ಹೇನು ಹತ್ತಿದ ಗಿಡಕ್ಕೆ ಕೊಡಿ, ಇನ್ನೊಂದನ್ನು ಈ ಹೂವಿನ ಕುಂಡಕ್ಕೆ ಕೊಡಿ. ಹತ್ತು ಗಿಡಕ್ಕೆ ಅರೆಬರೆ ಕಾವಲು ಹಾಕುವುದಕ್ಕಿಂತ ಇದು ಮೇಲು.

ಹುಳ ತಂದು ಬಿಡುವುದು

ಹಿಟ್ಟು ತಿಗಣೆ ತಿನ್ನುವ ಕ್ರಿಪ್ಟೊಲೀಮಸ್ ಅನ್ನುವ ಗುಲಗಂಜಿ ಹುಳ ಆಸ್ಟ್ರೇಲಿಯಾದ್ದು. ಕಾಫಿಯ ಹಸಿರು ಶಲ್ಕ ಕೀಟಕ್ಕೆ ಮದ್ದು ಅಂತ 1898ರಲ್ಲೇ ನಮ್ಮ ದೇಶಕ್ಕೆ ತಂದರು. ಇಂಥ ಕೀಟಗಳ ಕೆಲಸ ಬೆಂಗಳೂರಿಗೆ ಹೊಸದಲ್ಲ. ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದ ಕೆಲಸವೇ ಇದು. ಪಪ್ಪಾಯಿ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು, ಪಪ್ಪಾಯಿ, ಹಿಪ್ಪುನೇರಳೆ ಎಲ್ಲ ಹಾಳುಗೆಡವುತ್ತ ಬಂದಾಗ, 2010ರಲ್ಲಿ ಪೋರ್ಟೊರಿಕೊದಿಂದ ತರಿಸಿದ ಪುಟ್ಟ ಕಣಜಗಳನ್ನು ಬೆಳೆಸಿ ಹಂಚಿದ್ದು ಈ ಸಂಸ್ಥೆಯೇ. ಆ ಕಾಟ ಇಳಿದದ್ದು ಅದರಿಂದ.

ಮನೆಯ ಒಂದೆರಡು ದಾಸವಾಳಕ್ಕೆ ಹುಳ ತರುವುದು ಬೇಕಾ? ನನ್ನ ಅಭಿಪ್ರಾಯದಲ್ಲಿ ಬೇಡ. ಇರುವೆ ದಾರಿ ಕಟ್ಟಿದರೆ ಊರಲ್ಲಿ ಈಗಾಗಲೇ ಇರುವ ಮಿತ್ರರೇ ಬರುತ್ತಾರೆ. ಅಪಾರ್ಟ್‌ಮೆಂಟಿನ ದೊಡ್ಡ ತೋಟ, ಸಾಲು ದಾಸವಾಳ ಇದ್ದರೆ ತರಬಹುದು. ಆಗಲೂ ಮೊದಲು ಇರುವೆ ತಡೆದು ಆಮೇಲೆ ಬಿಡಬೇಕು. ಕ್ರಿಪ್ಟೊಲೀಮಸ್ ಮರಿ ನೋಡಲು ಹಿಟ್ಟು ತಿಗಣೆಯ ಹಾಗೆಯೇ ಇರುತ್ತದೆ. ಮೈತುಂಬ ಬಿಳಿ ಮೇಣದ ಎಳೆ. ವ್ಯತ್ಯಾಸ ಏನೆಂದರೆ ಇದು ದೊಡ್ಡದು, ಎಳೆಗಳು ಉದ್ದ, ಮುಟ್ಟಿದರೆ ಚುರುಕಾಗಿ ಓಡುತ್ತದೆ. ಹಿಟ್ಟು ತಿಗಣೆ ಓಡುವುದಿಲ್ಲ. ಹಳೆ ಬ್ರಷ್ ಹಿಡಿದು ಬಿಳಿ ಕಂಡದ್ದನ್ನೆಲ್ಲ ಉಜ್ಜುವ ಮುಂಚೆ ಒಂದು ಸಲ ಕಡ್ಡಿಯಿಂದ ಮುಟ್ಟಿ ನೋಡಿ.

ಇರುವೆ ಓಡಿಸುವ ಚಾಕ್‌ಪೀಸ್, ಪುಡಿಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅವುಗಳಲ್ಲಿ ಇರುವುದು ಕೀಟನಾಶಕ, ಮಿತ್ರ ಕೀಟಕ್ಕೂ ವಿಷ, ಮಳೆಗೆ ತೊಳೆದು ಹೋಗುತ್ತದೆ. ತಿನ್ನುವ ಗಿಡದ ಹತ್ತಿರ ಬೇಡ. ಅರಿಸಿನದ ಗೆರೆ ಹಾಕಿದರೆ ಇರುವೆ ಸ್ವಲ್ಪ ಹೊತ್ತು ಸುತ್ತಿ ಹೋಗುತ್ತದೆ, ಒಂದು ಸಲ ನೀರು ಹಾಕಿದರೆ ಗೆರೆ ಮುಗಿಯಿತು.

ಸುಮ್ಮನೆ ಬಿಡಬೇಕಾದ ಕಡೆ

ಅಲಸಂದೆ, ಪ್ಯಾಶನ್ ಫ್ರೂಟ್‌ನ ತೊಟ್ಟಿನ ಗುಬುಟಿನಲ್ಲಿ ಇರುವೆ ಕುಡಿಯುತ್ತಿದೆ, ಹೇನು ಎಲ್ಲೂ ಇಲ್ಲ ಅಂದರೆ ಏನೂ ಮಾಡಬೇಡಿ. ಗಿಡ ಆ ಸಿಹಿಯನ್ನು ಇಟ್ಟಿರುವುದೇ ಇರುವೆಯಂಥವರಿಗೆ. ಬದಲಿಗೆ ಅವು ಎಲೆ ತಿನ್ನುವ ಕಂಬಳಿಹುಳಗಳನ್ನು ಓಡಿಸುತ್ತವೆ. ಮಾವಿನ ಮರದಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಚಗಳಿ ಇರುವೆಯೂ ಹಾಗೆಯೇ. ಅದು ಕಚ್ಚುತ್ತದೆ ನಿಜ, ಶಲ್ಕ ಕೀಟ ಕಾಯುತ್ತದೆ ಅನ್ನೋದೂ ನಿಜ. ಆದರೆ ಮರದ ಎಷ್ಟೋ ಶತ್ರುಗಳನ್ನು ಹಿಡಿದು ತಿನ್ನುತ್ತದೆ. ಚೀನಾದವರು ಕಿತ್ತಳೆ ತೋಟಕ್ಕೆ ಇದರ ಗೂಡುಗಳನ್ನು ತಂದು ಕಟ್ಟುವ ಪದ್ಧತಿ ನೂರಾರು ವರ್ಷ ಹಳೆಯದು. ಮಲೆನಾಡಿನವರಿಗೆ ಚಗಳಿ ಚಟ್ನಿ ಗೊತ್ತೇ ಇದೆ.

ಕರಿಬೇವು ಕೊನೆಗೆ ಏನಾಯಿತು

ಡಬ್ಬವನ್ನು ಇಟ್ಟಿಗೆ ಮೇಲೆ ಏರಿಸಿದೆ, ಕೆಳಗೆ ತಟ್ಟೆ. ಗೋಡೆ ಕಡೆಯ ಎರಡು ಕೊಂಬೆ ಕತ್ತರಿಸಿದೆ, ಅವು ಸಾರಿಗೆ ಹೋದವು. ಪಕ್ಕದಲ್ಲಿ ಸಬ್ಬಸಿಗೆ ಕುಂಡ, ಅದೂ ತಟ್ಟೆಯ ಮೇಲೆ. ಗಿಡದಲ್ಲೇ ಉಳಿದಿದ್ದ ಇರುವೆಗಳನ್ನು ಕೊಂಬೆ ಅಲ್ಲಾಡಿಸಿ ಉದುರಿಸಿದೆ. ಎರಡೂವರೆ ವಾರ ಕಳೆದ ಮೇಲೆ ಲೆನ್ಸ್ ಹಿಡಿದೆ. ಕಿತ್ತಳೆ ಬಣ್ಣದ ಮರಿಗಳ ನಡುವೆ ಕೆಲವು ಕಂದು ಬಣ್ಣಕ್ಕೆ ತಿರುಗಿ ಎಲೆಗೆ ಅಂಟಿಕೊಂಡಿದ್ದವು. ಮೂರರ ತಲೆಯ ಹತ್ತಿರ ಸೂಜಿ ಚುಚ್ಚಿದ ಹಾಗೆ ದುಂಡನೆ ತೂತು. ಕಣಜ ಒಳಗೇ ಬೆಳೆದು, ತೂತು ಕೊರೆದು ಹಾರಿಹೋದ ಗುರುತು ಅದು.

ನಿಮ್ಮ ಗಿಡದಲ್ಲೂ ಅಂಥ ಕಂದು ಚಿಪ್ಪು ಕಂಡರೆ ಆ ಗಿಡಕ್ಕೆ ಬೇವಿನೆಣ್ಣೆಯನ್ನೂ ಹೊಡೆಯಬೇಡಿ. ತೂತು ಇಲ್ಲದ ಚಿಪ್ಪಿನೊಳಗೆ ಇನ್ನೊಂದು ಕಣಜ ಇನ್ನೂ ಇದೆ. ಒಗ್ಗರಣೆಗೆ ಕೀಳುವಾಗ ಬೇರೆ ರೆಂಬೆಯಿಂದ ಕೀಳಿ. ತಪ್ಪಿ ಅಂಥ ಎಲೆ ಕೈಗೆ ಬಂದರೆ ಕಸದ ಬುಟ್ಟಿಗೆ ಹಾಕದೆ ಗಿಡದ ಕೊಂಬೆ ಸಂದಿಯಲ್ಲೇ ಸಿಕ್ಕಿಸಿಡಿ. ಕೆಲವು ದಿನದಲ್ಲಿ ಅದು ಹೊರಗೆ ಬರುತ್ತದೆ, ಹತ್ತಿರದಲ್ಲೇ ಸಬ್ಬಸಿಗೆ ಹೂ ಇರಲಿ.